ಗೋಣಿ ಕಳೆದ ತೂಕ

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ದುಬಾಯಿಯಿಂದ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದ. ಅಲ್ಲಿ ಅವನು ಹಳೆಯ ಕಾರುಗಳನ್ನು ಬಿಚ್ಚಿ, ತುಕ್ಕು ತೆಗೆದು, ಹೊಸದರ ಹಾಗೆ ಮಾಡುವ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಒಂದು ಸಂಜೆ ನಮ್ಮ ವಾಚನಾಲಯದ ಜಗಲಿಯಲ್ಲಿ ಕೂತಿದ್ದಾಗ ಮೊಬೈಲಿನಲ್ಲಿ ಒಂದು ಕಾರಿನ ಚಿತ್ರ ತೋರಿಸಿದ. ಉದ್ದ ಮೂತಿ, ಎರಡೇ ಬಾಗಿಲು, ಕೆಂಪು ಬಣ್ಣ, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ.

“ಮಾವ, ಇದು 1970ರ ಶೆವ್ರೊಲೆ ಶೆವೆಲ್. ಅಮೆರಿಕದ್ದು. ಇದರ ಇಂಜಿನ್ ಎಷ್ಟು ಎಚ್‌ಪಿ ಹೇಳಿ ನೋಡುವ?”

ನಮ್ಮಲ್ಲಿ ಎಚ್‌ಪಿ ಅಂದರೆ ತೋಟದ ಪಂಪಿನದ್ದು. ಮೂರು, ಐದು, ಹೆಚ್ಚೆಂದರೆ ಏಳೂವರೆ. ನಾನು ಧೈರ್ಯ ಮಾಡಿ “ನೂರು ಇರಬಹುದಾ?” ಅಂದೆ.

“ನಾನೂರ ಐವತ್ತು!”

ಪಕ್ಕದಲ್ಲಿ ಪೇಪರು ಓದುತ್ತಿದ್ದ ಮಾಷ್ಟ್ರು ಕನ್ನಡಕ ತೆಗೆದರು. “ಅಂದರೆ ನಮ್ಮ ಐದು ಎಚ್‌ಪಿಯ ತೊಂಬತ್ತು ಪಂಪು. ಅಷ್ಟು ಬಲ ಇಟ್ಟುಕೊಂಡು ಅದು ಎಂತ ಮಾಡ್ತದೆ?”

“ಓಡ್ತದೆ ಮಾಷ್ಟ್ರೇ.”

“ಎಲ್ಲಿಗೆ?”

ಎಲ್ಲರೂ ನಕ್ಕೆವು. ಆದರೆ ಆ ರಜೆ ಮುಗಿಯುವವರೆಗೂ ಈ ಮಾತು ಜಗಲಿ ಬಿಟ್ಟು ಹೋಗಲಿಲ್ಲ. ಬಲ ಎಂದರೆ ಏನು? ಅದನ್ನು ಎಲ್ಲಿ ಇಟ್ಟು ತೂಗಬೇಕು? ತೂಗುವಾಗ ಯಾರು ನೋಡುತ್ತಿರಬೇಕು? ಅಲ್ಲಿ ಆದ ಚರ್ಚೆಯನ್ನೂ ಆಮೇಲೆ ನನಗೆ ಹೊಳೆದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಕಾರುಗಳ ಕತೆ. ಅಮೆರಿಕದಲ್ಲಿ 1964ರಲ್ಲಿ ಪಾಂಟಿಯಾಕ್ ಕಂಪೆನಿಯವರು ಒಂದು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಇಂಜಿನ್ ಕೂರಿಸಿ ಜಿಟಿಒ ಎಂದು ಹೆಸರಿಟ್ಟು ಮಾರಿದರು. 325 ಎಚ್‌ಪಿ. ಹುಡುಗರು ಮುಗಿಬಿದ್ದು ಕೊಂಡರು. ಉಳಿದ ಕಂಪೆನಿಗಳು ಸುಮ್ಮನೆ ಕೂರುತ್ತವೆಯೇ? 1966ರಲ್ಲಿ ಕ್ರೈಸ್ಲರ್‌ನವರು 426 ಹೆಮಿ ಎಂಬ ಇಂಜಿನನ್ನು ರಸ್ತೆಯ ಕಾರಿಗೆ ಕೊಟ್ಟರು, 425 ಎಚ್‌ಪಿ. 1970ರಲ್ಲಿ ಶೆವೆಲ್‌ಗೆ ಎಲ್‌ಎಸ್6 ಎಂಬ ಇಂಜಿನ್ ಬಂತು, 450 ಎಚ್‌ಪಿ. ಅದರ ಗಾತ್ರ 7.4 ಲೀಟರ್. ನಮ್ಮ ಮಾರುತಿ 800ರ ಒಂಬತ್ತು ಇಂಜಿನ್ ಒಟ್ಟುಸೇರಿದರೂ ಅದಕ್ಕೆ ಸಮ ಬರುವುದಿಲ್ಲ. ಇಂಥವಕ್ಕೆ ಮಸಲ್ ಕಾರ್ ಎಂದು ಹೆಸರು, ಅಂದರೆ ಮಾಂಸಖಂಡದ ಕಾರು. ಆ ಕಾಲದ ಪಟ್ಟಿಯಲ್ಲಿ 450 ಎಂಬುದು ಎಲ್ಲಕ್ಕಿಂತ ಮೇಲಿನ ಅಂಕೆ.

ಎಚ್‌ಪಿ ಎಂಬ ಅಳತೆ ಹುಟ್ಟಿದ್ದೂ ವ್ಯಾಪಾರದ ಅಗತ್ಯದಿಂದಲೇ. ಜೇಮ್ಸ್ ವಾಟ್ ತನ್ನ ಉಗಿಯಂತ್ರ ಮಾರಬೇಕಿತ್ತು. ಕೊಳ್ಳುವವರಿಗೆ ಕುದುರೆಯ ದುಡಿಮೆ ಗೊತ್ತಿತ್ತು, ಯಂತ್ರದ್ದು ಗೊತ್ತಿರಲಿಲ್ಲ. ಹಾಗಾಗಿ ‘ಇದು ಇಷ್ಟು ಕುದುರೆಗೆ ಸಮ’ ಎಂದು ಹೇಳಲು ಒಂದು ಲೆಕ್ಕ ಕಟ್ಟಿದ. ಸುಮಾರಾಗಿ ಹೇಳುವುದಾದರೆ ಒಂದೂವರೆ ಮುಡಿ, ಎರಡು ಮುಡಿ ಅಕ್ಕಿಯಷ್ಟು, ಅಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ದುಡಿಮೆಯೇ ಒಂದು ಎಚ್‌ಪಿ. ಕುದುರೆಯ ಹಿಂದೆ ಒಂದು ಭಾರ ಇತ್ತು, ಆ ಭಾರ ಮೇಲೆ ಬಂದಿತು ಎಂಬುದೇ ಈ ಅಳತೆಯ ಮೂಲ. ಭಾರವೇ ಇಲ್ಲದ ಬಲವನ್ನು ಅಳೆಯುವ ಯೋಚನೆ ವಾಟನಿಗೆ ಇರಲಿಲ್ಲ.

ಈ ಕಾರುಗಳ ಬಲ ಅಳೆದದ್ದು ಹೇಗೆ ಎಂದು ಕೇಳಿದಾಗ ಅಳಿಯ ಹೇಳಿದ ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಇಂಜಿನನ್ನು ಕಾರಿನೊಳಗೆ ಇಟ್ಟು ಅಳೆಯುತ್ತಿರಲಿಲ್ಲವಂತೆ. ಹೊರಗೆ ತೆಗೆದು ಒಂದು ಸ್ಟ್ಯಾಂಡಿನ ಮೇಲೆ ಕೂರಿಸುವುದು. ರೇಡಿಯೇಟರಿನ ಫ್ಯಾನು ಇಲ್ಲ, ಡೈನಮೋ ಇಲ್ಲ, ಏರ್ ಫಿಲ್ಟರ್ ಇಲ್ಲ. ಸೈಲೆನ್ಸರ್ ಇಲ್ಲ, ಹೊಗೆ ಸಲೀಸಾಗಿ ಹೋಗಲು ಅಗಲದ ಕೊಳವೆ. ಹೀಗೆ ಅದನ್ನು ಎಲ್ಲಾ ಹೊರೆಯಿಂದ ಬಿಡಿಸಿ ಪೂರ್ತಿ ಓಡಿಸಿದಾಗ ಬಂದ ಅಂಕೆಯೇ ಜಾಹೀರಾತಿನಲ್ಲಿ. ಅದಕ್ಕೆ ಗ್ರಾಸ್ ಎಂದು ಹೆಸರು. ಅದೇ ಇಂಜಿನಿಗೆ ರಸ್ತೆಯಲ್ಲಿ ಬೇಕಾದ ಎಲ್ಲವನ್ನೂ ತೊಡಿಸಿ ಅಳೆದರೆ ಬರುವುದು ನೆಟ್.

1971ರಲ್ಲಿ ಶೆವ್ರೊಲೆಯವರು ಎರಡೂ ಅಂಕೆ ಪ್ರಕಟಿಸಿದರು. ಆ ಎಲ್‌ಎಸ್6 ಇಂಜಿನ್ ತುಸು ಬದಲಾಗಿ ಆ ವರ್ಷ ಕಾರ್ವೆಟ್ ಎಂಬ ಕಾರಿನಲ್ಲಿ ಬಂದಿತ್ತು. ಗ್ರಾಸ್ 425, ನೆಟ್ 325. ಇಂಜಿನ್ ಒಂದೇ, ವರ್ಷ ಒಂದೇ. ನೂರು ಕುದುರೆ ಲೆಕ್ಕದಿಂದ ಹೊರಗೆ! ಮರುವರ್ಷ, 1972ರಿಂದ, ಅಮೆರಿಕದ ಕಂಪೆನಿಗಳು ನೆಟ್ ಅಂಕೆಯನ್ನೇ ಕೊಡುವುದು ರೂಢಿಯಾಯಿತು.

“ಹಾಗಾದರೆ ಅವರು ಸುಳ್ಳು ಹೇಳಿದ್ದಾ?” ಎಂದೆ.

“ಸುಳ್ಳಲ್ಲ ಮಾವ. ಸ್ಟ್ಯಾಂಡಿನ ಮೇಲೆ ಅಷ್ಟು ಇತ್ತು. ಇನ್ನೊಂದು ತಮಾಷೆ ಉಂಟು. ಫೋರ್ಡ್‌ನವರ 428 ಕೋಬ್ರಾ ಜೆಟ್ ಎಂಬ ಇಂಜಿನಿಗೆ 335 ಎಂದು ಮಾತ್ರ ಬರೆದಿದ್ರು. ನಿಜದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು. ಹೆಚ್ಚು ಎಚ್‌ಪಿಯ ಕಾರಿಗೆ ಇನ್ಶೂರೆನ್ಸ್‌ನವರು ಹೆಚ್ಚು ಹಣ ಕೇಳ್ತಿದ್ರಲ್ಲ, ಅದಕ್ಕೆ.”

ಅಂದರೆ ಕೊಳ್ಳುವವನಿಗೆ ತೋರಿಸುವಾಗ ದೊಡ್ಡ ಅಂಕೆ, ಅಪಾಯದ ಹಣ ಕೊಡಬೇಕಾದಾಗ ಸಣ್ಣ ಅಂಕೆ. ಇದನ್ನು ಕೇಳಿದಾಗ ನನಗೆ ನಮ್ಮ ಅಡಿಕೆ ತಕ್ಕಡಿ ನೆನಪಾಯಿತು.

ನಾನು ಸಣ್ಣವನಿರುವಾಗ ಅಪ್ಪನ ಜೊತೆ ಅಡಿಕೆ ಮಾರಲು ಹೋಗುತ್ತಿದ್ದೆ. ಅಡಿಕೆ ತುಂಬಿದ ಗೋಣಿಯನ್ನು ತಕ್ಕಡಿಗೆ ಹಾಕಿದರೆ ಬರುವುದು ಒಟ್ಟು ತೂಕ. ಗೋಣಿಯ ತೂಕ ಕಳೆದರೆ ನಿವ್ವಳ. ಗೋಣಿ ಕಳೆಯುವುದು ನ್ಯಾಯವೇ. ಆದರೆ ಒಮ್ಮೆ ಒಬ್ಬ ವ್ಯಾಪಾರಿ ತೂಗದೆಯೇ ‘ಗೋಣಿಗೆ ಎರಡು ಕಿಲೋ’ ಎಂದು ಬಾಯಲ್ಲಿ ಹೇಳಿ ಬರೆದುಕೊಂಡ. ಅಪ್ಪ ಜೋರು ಮಾತಿನವರಲ್ಲ. ಮೆಲ್ಲಗೆ, “ಗೋಣಿ ಕಳೆಯಿರಿ, ಬೇಡ ಹೇಳುವುದಿಲ್ಲ. ಆದರೆ ಗೋಣಿಯನ್ನು ತೂಗಿ ಕಳೆಯಿರಿ, ನನ್ನ ಎದುರು” ಎಂದರು. ವ್ಯಾಪಾರಿಗೆ ಸಿಟ್ಟು ಬಂತು. ಆದರೂ ಖಾಲಿ ಗೋಣಿಯನ್ನು ತಕ್ಕಡಿಗೆ ಹಾಕಬೇಕಾಯಿತು.

ನಾನು ಇದನ್ನು ಹೇಳಿದಾಗ ಅಳಿಯ ಸುಮ್ಮನಿದ್ದು ಆಮೇಲೆ ಕೇಳಿದ: “ಮಾವ, ನಿಮಗೆ ಈ ಕಾರು ಇಷ್ಟ ಆಗಲಿಲ್ಲ, ಅಷ್ಟೇ ತಾನೇ?”

ಹಾಗಲ್ಲ. ನಾನು ಅವನಿಗೆ ನಮ್ಮ ಜೀಪಿನ ಕತೆ ಹೇಳಿದೆ. ನಮ್ಮ ಊರಿನ ಏರುದಾರಿಗಳಿಗೆ ಡಾಮಾರು ಬರುವ ಮೊದಲು ಪೆರ್ಲಕ್ಕೆ ಹೋಗಲಿಕ್ಕೆ ಜೀಪೇ ಗತಿ. ಅದೂ ಅಮೆರಿಕದ್ದೇ ಸಂತಾನ. ಎರಡನೇ ಮಹಾಯುದ್ಧಕ್ಕೆಂದು ಟೊಲೆಡೊ ಎಂಬ ಊರಿನಲ್ಲಿ ವಿಲ್ಲಿಸ್ ಕಂಪೆನಿ ಕಟ್ಟಿದ ಗಾಡಿ. ಆ ಊರು ಡೆಟ್ರಾಯಿಟ್‌ನಿಂದ ಸುಮಾರು 100 ಕಿಲೋಮೀಟರು. ಯುದ್ಧ ಮುಗಿದ ಮೇಲೆ ಮಹೀಂದ್ರದವರು ನಮ್ಮ ದೇಶದಲ್ಲಿ ಅದನ್ನು ಜೋಡಿಸಲು ಹೊರಟರು. ಆ ಮೊದಲ ವಿಲ್ಲಿಸ್ ಇಂಜಿನಿನ ಬಲ ಬರೇ 60 ಎಚ್‌ಪಿ. ಶೆವೆಲ್‌ನ ಏಳರಲ್ಲಿ ಒಂದು ಪಾಲಿಗಿಂತ ತುಸು ಕಡಿಮೆ. ಆದರೆ ಜೀಪು ಕೆಸರಿನ ಏರಿನಲ್ಲಿ ಹದಿನೈದು ಜನರನ್ನೂ ಎರಡು ಮೂಟೆ ಅಕ್ಕಿಯನ್ನೂ ಹೊತ್ತು ಹತ್ತುತ್ತಿತ್ತು. ಹೇಗೆಂದರೆ ಫಸ್ಟ್ ಗೇರಿಗೆ ಹಾಕಿ, ನಾಲ್ಕೂ ಚಕ್ರಕ್ಕೆ ಬಲ ಕೊಟ್ಟರೆ ಚಕ್ರ ನಿಧಾನ ತಿರುಗುತ್ತದೆ, ಎಳೆಯುವ ಶಕ್ತಿ ಅದೇ ಪ್ರಮಾಣದಲ್ಲಿ ಏರುತ್ತದೆ. ಅಲ್ಲಿ ಬಲ ಬರುವುದು ವೇಗವನ್ನು ಬಿಟ್ಟುಕೊಟ್ಟದ್ದರಿಂದ. ಅತ್ತ 450 ಎಚ್‌ಪಿಯ ಕಾರನ್ನು ಒಮ್ಮೆಲೇ ತುಳಿದರೆ ಹಿಂದಿನ ಟಯರುಗಳು ನಿಂತಲ್ಲೇ ತಿರುಗಿ ಹೊಗೆ ಬಿಡುತ್ತವೆಯಂತೆ. ಅಷ್ಟು ಬಲವನ್ನು ನೆಲಕ್ಕೆ ಮುಟ್ಟಿಸಲು ಆ ಕಾಲದ ಟಯರಿಗೆ ಆಗುತ್ತಿರಲಿಲ್ಲ. ಎಷ್ಟೋ ಕಾರುಗಳಿಗೆ ಡ್ರಮ್ ಬ್ರೇಕು ಮಾತ್ರ. ಓಡುವ ಬಲಕ್ಕೆ ನಿಲ್ಲುವ ಬಲ ಸಾಟಿಯಾಗಿರಲಿಲ್ಲ.

“ಒಪ್ಪಿದೆ” ಎಂದ ಅಳಿಯ. “ಆದರೆ ಎಲ್ಲದಕ್ಕೂ ಉಪಯೋಗ ಕೇಳಿದರೆ ಹೇಗೆ? ಕಂಬಳದ ಕೋಣಗಳಿಗೆ ಎಷ್ಟು ಹುರುಳಿ ಹಾಕ್ತಾರೆ, ಎಷ್ಟು ಎಣ್ಣೆ ತಿಕ್ಕುತ್ತಾರೆ! ಗದ್ದೆ ಉಳಲಿಕ್ಕೆ ಅಲ್ಲವಲ್ಲ. ಓಡಲಿಕ್ಕೇ. ನೀವೇ ರಾತ್ರಿಯಿಡೀ ನಿದ್ದೆ ಕೆಟ್ಟು ನೋಡ್ತೀರಿ.”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಮಾಷ್ಟ್ರೂ ತಲೆ ಆಡಿಸಿದರು. ಬಲವನ್ನು ನೋಡಿ ಸಂತೋಷಪಡುವುದು ಮನುಷ್ಯನಿಗೆ ಸಹಜ. ಅದು ತಪ್ಪೆಂದರೆ ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವಾಗ ನಾವು ಎದ್ದು ಕೂರುವುದೂ ತಪ್ಪಾದೀತು. ಹಾಗಾಗಿ ಪ್ರಶ್ನೆ ‘ಉಪಯೋಗ ಎಂತ’ ಎಂಬುದಲ್ಲ. ಜಗಲಿಯಲ್ಲಿ ನಾವು ಆ ಮಾತನ್ನು ಅಲ್ಲಿಗೇ ಬಿಟ್ಟೆವು. ಪ್ರಶ್ನೆ ಬೇರೆ ಇದೆ ಎಂದು ನನಗೆ ಗೊತ್ತಾದದ್ದು ಆ ರಾತ್ರಿ ಮಲಗಿದಾಗ, ಒಂದು ಹಳೆಯ ಶಬ್ದ ನೆನಪಾಗಿ.

ಹೆಲಿಕಾಪ್ಟರಿನ ಶಬ್ದ. ನಮ್ಮ ವಯಸ್ಸಿನವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಗೇರು ಹೂ ಬಿಡುವ ಕಾಲದಲ್ಲಿ ಗುಡ್ಡದ ಮೇಲೆ ತಗ್ಗಿನಲ್ಲಿ ಹಾರುತ್ತಾ ಬರುತ್ತಿತ್ತು. ಮಕ್ಕಳೆಲ್ಲ ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಅಷ್ಟು ದೊಡ್ಡ ಇಂಜಿನನ್ನು ಅಷ್ಟು ಹತ್ತಿರ ನಾವು ಬೇರೆಲ್ಲೂ ನೋಡಿದವರಲ್ಲ. ಅದು ಮಾಡುತ್ತಿದ್ದ ಕೆಲಸಕ್ಕೂ ಒಂದು ಲೆಕ್ಕ ಇತ್ತು: ಗೇರಿನ ಚಿಗುರು, ಹೂ ಹೀರುವ ಸೊಳ್ಳೆಯಂಥ ಕೀಟ ಸಾಯಬೇಕು; ನೂರು ಆಳು ವಾರಗಟ್ಟಲೆ ಮಾಡುವ ಸಿಂಪಡಣೆ ಒಂದೇ ದಿನದಲ್ಲಿ ಮುಗಿಯಬೇಕು. ಆ ಲೆಕ್ಕದಲ್ಲಿ ಹೆಲಿಕಾಪ್ಟರು ಗೆದ್ದಿತು. ಸ್ಟ್ಯಾಂಡಿನ ಮೇಲೆ ಇಂಜಿನ್ ಗೆದ್ದ ಹಾಗೆ.

ಲೆಕ್ಕದಿಂದ ಹೊರಗೆ ಉಳಿದದ್ದು ಹಿಂದಿನಿಂದ ಹೊರಬಂದದ್ದು. ಎಂಡೋಸಲ್ಫಾನ್ ಗೇರು ಮರದ ಮೇಲೆ ಮಾತ್ರ ಬೀಳಲಿಲ್ಲ. ತೋಡಿಗೆ, ತೆರೆದ ಬಾವಿಗೆ, ಸುರಂಗದ ಬಾಯಿಗೆ, ಒಣಹಾಕಿದ ಬಟ್ಟೆಗೆ ಬಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿತ್ತು. ನಮ್ಮ ಪಡ್ರೆ, ವಾಣಿನಗರ, ಸ್ವರ್ಗದ ಮನೆಗಳಲ್ಲಿ ಏನಾಯಿತು ಎಂಬುದನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ. ಈ ಪುಸ್ತಕ ಓದುವವರಲ್ಲಿ ಅಂಥ ಮನೆಯವರೇ ಇದ್ದೀರಿ. ಹಸುಗಳ ಕರುಗಳಲ್ಲಿ ಕಂಡದ್ದನ್ನು ಶ್ರೀಪಡ್ರೆಯವರು ಮೊದಲೇ ಬರೆದರು. ರೋಗಿಗಳನ್ನು ನೋಡುತ್ತಾ ಡಾ. ವೈ. ಎಸ್. ಮೋಹನಕುಮಾರ್ ಮತ್ತೆ ಮತ್ತೆ ಬರೆದರು, ಹೇಳಿದರು. ಮೇಲಿನಿಂದ ಸಿಂಪಡಿಸುವುದು ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸುವಂತೆ ತಡೆದದ್ದು 2011ರಲ್ಲಿ.

ಆ ಅಮೆರಿಕದ ಇಂಜಿನುಗಳಿಗೂ ಇಂಥದ್ದೇ ಒಂದು ಬಾಲ ಇತ್ತು. ಅಷ್ಟು ಬಲ ಬರಬೇಕಾದರೆ ಸಿಲಿಂಡರಿನೊಳಗೆ ಪೆಟ್ರೋಲಿನ ಆವಿಯನ್ನು ತುಂಬಾ ಒತ್ತಬೇಕು. ಎಲ್‌ಎಸ್6ನಲ್ಲಿ ಹನ್ನೊಂದು ಪಟ್ಟಿಗೂ ಹೆಚ್ಚು. ಹಾಗೆ ಒತ್ತಿದಾಗ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿಯದಿರಲು ಅದಕ್ಕೆ ಸೀಸ ಬೆರೆಸುತ್ತಿದ್ದರು. ಸೀಸ ಹೊಗೆಯ ಜೊತೆ ಹೊರಗೆ ಬಂದು ಬೀದಿಯ ಮಕ್ಕಳ ಉಸಿರಿಗೆ ಹೋಯಿತು. ಮಕ್ಕಳ ಮಿದುಳಿಗೆ ಅದು ವಿಷ. ಜಾಹೀರಾತಿನ 450ರಲ್ಲಿ ಸೈಲೆನ್ಸರೇ ಲೆಕ್ಕಕ್ಕಿರಲಿಲ್ಲ ಎಂದಮೇಲೆ ಸೈಲೆನ್ಸರಿನಿಂದ ಹೊರಬಿದ್ದದ್ದು ಎಲ್ಲಿ ಲೆಕ್ಕಕ್ಕೆ ಬರಬೇಕು? ನಮ್ಮ ದೇಶದಲ್ಲಿ ಸೀಸದ ಪೆಟ್ರೋಲು ಮಾರುವುದು ನಿಂತದ್ದೂ 2000ದಲ್ಲೇ.

ಮರುದಿನ ನಾನು ಇಷ್ಟನ್ನೂ ಜಗಲಿಯಲ್ಲಿ ಹೇಳಿದೆ. ಮಾಷ್ಟ್ರು ಗಟ್ಟಿ ಆಕ್ಷೇಪ ಎತ್ತಿದರು. “ನೀವು ಹೇಳುವ ಹಾಗೆ ಎಲ್ಲವನ್ನೂ ಕಳೆಯುತ್ತಾ ಹೋದರೆ ಕೊನೆಗೆ ಏನೂ ಉಳಿಯುವುದಿಲ್ಲ. ಗದ್ದೆ ಉತ್ತರೆ ಎರೆಹುಳ ಸಾಯ್ತದೆ. ಒಲೆ ಹೊತ್ತಿಸಿದರೆ ಹೊಗೆ ಬರ್ತದೆ. ಎಲ್ಲಿಗೆ ನಿಲ್ಲಿಸ್ತೀರಿ?”

ಸರಿಯಾದ ಪ್ರಶ್ನೆ. ನಾನು ಇದನ್ನು ಬಹಳ ದಿನ ಯೋಚಿಸಿದೆ. ಯೋಚಿಸುವಾಗ ಬೇರೆಯವರ ಇಂಜಿನುಗಳನ್ನು ಬಿಟ್ಟು ನನ್ನದಕ್ಕೇ ಬರಬೇಕಾಯಿತು.

ನನ್ನ ತೋಟಕ್ಕೆ ಅಜ್ಜನ ಕಾಲದಿಂದ ಸುರಂಗದ ನೀರು. ಮುರಕಲ್ಲಿನ ಗುಡ್ಡವನ್ನು ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ನಡೆದುಹೋಗುವಷ್ಟು ದಾರಿ ಮಾಡಿ, ನೀರಿನ ಒರತೆ ಸಿಕ್ಕುವವರೆಗೆ ಕೋಲು ಕೋಲಾಗಿ ಮುಂದೆ ಹೋದದ್ದು. ಅದರಲ್ಲಿ ಬರುವ ನೀರಿಗೆ ಪಂಪು ಬೇಡ, ಕರೆಂಟು ಬೇಡ. ಇಳಿಜಾರೇ ಅದರ ಇಂಜಿನ್. ಎಚ್‌ಪಿ ಲೆಕ್ಕದಲ್ಲಿ ಸೊನ್ನೆ. ಆದರೆ ಏಪ್ರಿಲ್ ಬಂದಾಗ ನೀರು ಸಪುರವಾಗುತ್ತಿತ್ತು, ತೋಟ ದೊಡ್ಡದು ಮಾಡುವ ಆಸೆ ನನಗಿತ್ತು. ಬೋರ್‌ವೆಲ್ ತೆಗೆಸಿದೆ. ಏಳೂವರೆ ಎಚ್‌ಪಿ ಪಂಪು ಇಳಿಸಿದೆ. ಮೊದಲ ದಿನ ನೀರು ಪೈಪಿನಿಂದ ಹಾರಿ ಬಿದ್ದಾಗ ನನಗೆ ಆದ ಸಂತೋಷ, ಅಳಿಯನಿಗೆ ಆ ಕೆಂಪು ಕಾರು ನೋಡಿ ಆದದ್ದಕ್ಕಿಂತ ಕಡಿಮೆಯದ್ದಲ್ಲ. ಬಂದವರಿಗೆಲ್ಲ ಸ್ವಿಚ್ಚು ಹಾಕಿ ತೋರಿಸಿದ್ದೇನೆ.

ಮೂರನೇ ಬೇಸಗೆಗೆ ನನ್ನ ಸುರಂಗ ಒಣಗಿತು. ನನಗೆ ಚಿಂತೆಯಾಗಲಿಲ್ಲ, ಬೋರ್‌ವೆಲ್ ಇತ್ತಲ್ಲ. ನಾಲ್ಕನೇ ಬೇಸಗೆಗೆ ಗುಡ್ಡದ ಕೆಳಗಿನ ಮನೆಯ ಅಕ್ಕನ ಸುರಂಗವೂ ಒಣಗಿತು. ಅವರಿಗೆ ಅದೊಂದೇ ನೀರು. ಅದು ನನ್ನ ಬೋರ್‌ವೆಲ್ಲಿನಿಂದಲೇ ಎಂದು ಯಾರೂ ಸಾಬೀತು ಮಾಡಲಾರರು. ಮಳೆ ಕಡಿಮೆ ಎಂದೂ ಹೇಳಬಹುದು, ಆಚೆಗುಡ್ಡದಲ್ಲಿ ಇನ್ನೂ ನಾಲ್ಕು ಬೋರ್‌ವೆಲ್ ಇದೆ ಎಂದೂ ಹೇಳಬಹುದು. ನಾನು ಎರಡನ್ನೂ ಹೇಳಿದ್ದೇನೆ, ಯಾರೂ ಕೇಳದಿದ್ದರೂ. ಆ ಅಕ್ಕ ಮಾತ್ರ ಏನೂ ಹೇಳಲಿಲ್ಲ. ಕೊಡಪಾನ ಹಿಡಿದು ನಮ್ಮ ಅಂಗಳದ ಅಂಚಿನಲ್ಲಿ ಹಾದು ತೋಡಿಗೆ ಹೋಗುತ್ತಿದ್ದರು. ಅವರು ಹಾದುಹೋಗುವ ಹೊತ್ತಿಗೆ ನಾನು ಒಳಗೆ ಏನೋ ಕೆಲಸ ಇದ್ದವನ ಹಾಗೆ ಎದ್ದುಹೋಗುತ್ತಿದ್ದೆ.

ಮಾಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಬಂತು. ನಷ್ಟವೇ ಇಲ್ಲದ ಬಲ ಇಲ್ಲ, ಒಪ್ಪುತ್ತೇನೆ. ಎಲ್ಲವನ್ನೂ ಸೊನ್ನೆಗೆ ತರಬೇಕೆಂದೂ ಅಲ್ಲ. ಆದರೆ ಕಳೆಯಬೇಕಾದ್ದು ಎಷ್ಟು ಎಂದು ನಿರ್ಧಾರ ಮಾಡುವಾಗ, ನಷ್ಟ ಹೊರುವವನು ತಕ್ಕಡಿಯ ಎದುರು ನಿಂತಿರಬೇಕು. ಅಪ್ಪ ವ್ಯಾಪಾರಿಯ ಹತ್ತಿರ ಕೇಳಿದ್ದು ಇಷ್ಟೇ. ಹೆಲಿಕಾಪ್ಟರಿನ ಲಾಭದ ಲೆಕ್ಕ ಬರೆದ ಮೇಜಿನ ಹತ್ತಿರ ವಾಣಿನಗರದ ಒಬ್ಬ ತಾಯಿ ನಿಂತಿದ್ದರೆ ಆ ಲೆಕ್ಕ ಬೇರೆಯಾಗುತ್ತಿತ್ತು. ನಾನು ಪಂಪು ಇಳಿಸಿದ ದಿನ ಕೆಳಗಿನ ಮನೆಯ ಅಕ್ಕನನ್ನು ಕರೆದು ‘ಹೀಗೆ ಮಾಡ್ತಿದ್ದೇನೆ, ನಿಮ್ಮ ಸುರಂಗಕ್ಕೆ ತೊಂದರೆ ಆದೀತಾ?’ ಎಂದು ಕೇಳಿದ್ದರೆ ನನ್ನದೂ ಬೇರೆಯಾಗುತ್ತಿತ್ತು. ಬಹುಶಃ ಅದಕ್ಕೇ ಕೇಳಲಿಲ್ಲ. ಕಂಬಳದ ಸಂತೋಷಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲಿದೆ ಎಂದು ಅಳಿಯನಿಗೆ ಹೇಳಿದೆ. ಅಲ್ಲಿ ಓಡಿಸುವವನು ಕೋಣದ ಹಿಂದೆ ಅದೇ ಕೆಸರಿನಲ್ಲಿ ಓಡುತ್ತಾನೆ, ಬಿದ್ದರೆ ತಾನೇ ಬೀಳುತ್ತಾನೆ, ಎಲ್ಲರ ಕಣ್ಣೆದುರು. ಕೋಣದ ಬೆನ್ನಿನ ಲೆಕ್ಕ ಕೇಳುವವರೂ ಈಗ ಇದ್ದಾರೆ, ಕೇಳಲಿ. ಕೇಳಲು ಜಾಗ ಇರುವುದೇ ದೊಡ್ಡದು.

ಮನುಷ್ಯರ ಬಲಕ್ಕೂ ಇದು ಸಲ್ಲುತ್ತದೆ. ‘ಈ ತೋಟ ನಾನೊಬ್ಬನೇ ಕಟ್ಟಿದ್ದು’ ಎನ್ನುವ ಯಜಮಾನನ ಮಾತು ಸ್ಟ್ಯಾಂಡಿನ ಮೇಲಿನ ಅಂಕೆ. ಅದರಲ್ಲಿ ಸೊಪ್ಪು ಹೊತ್ತ ಹೆಂಡತಿ ಇಲ್ಲ, ಮಣ್ಣು ಹೊತ್ತ ಆಳಿಲ್ಲ, ಸುರಂಗದ ಕತ್ತಲಲ್ಲಿ ಮೊಣಕಾಲೂರಿ ಕೊರೆದವನ ಉಸಿರಿಲ್ಲ. ‘ನನ್ನ ಕ್ಲಾಸು ಪಿನ್‌ಡ್ರಾಪ್ ಸೈಲೆನ್ಸ್’ ಎನ್ನುವ ಶಿಕ್ಷಕರೂ ಒಮ್ಮೆ ಹಿಂದಿನ ಬೆಂಚಿನ ಮಕ್ಕಳ ಹತ್ತಿರ ತೂಗಿಸಿ ನೋಡಬಹುದು. (ಇದನ್ನು ಸೇರಿಸಿ ಎಂದವರು ನಮ್ಮ ಮಾಷ್ಟ್ರೇ.)

ಅಳಿಯ ಹೊರಡುವ ಮುಂಚಿನ ದಿನ ನಾವಿಬ್ಬರೂ ಸೇರಿ ನನ್ನ ಟ್ಯಾಂಕಿನಿಂದ ಕೆಳಗಿನ ಮನೆಗೆ ಒಂದಿಂಚಿನ ಪೈಪು ಎಳೆದೆವು. ಅದಕ್ಕೆ ಮೊದಲು ನಾನು ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಹೇಳಬೇಕಾದ್ದನ್ನು ಹೇಳಿದೆ. ಅಕ್ಕ ಕೇಳಿದರು. ಬೆಲ್ಲ ನೀರು ಕೊಟ್ಟರು. “ಪೈಪು ಹಾಕಿ, ಬೇಡ ಹೇಳುವುದಿಲ್ಲ. ಸುರಂಗದ ನೀರು ಬೇರೆಯೇ ಆಗಿತ್ತು” ಎಂದರು. ಅಷ್ಟೇ. ಪೈಪಿನ ನೀರು ಸುರಂಗದ ನೀರಿಗೆ ಸಮ ಎಂದು ನಾನು ಲೆಕ್ಕ ಬರೆದುಕೊಳ್ಳುವ ಹಾಗಿಲ್ಲ.

ಬೇಸಗೆಯಲ್ಲಿ ಈಗ ಪಂಪು ಎಷ್ಟು ಹೊತ್ತು ಓಡಬೇಕೆಂದು ಇಬ್ಬರೂ ಮಾತಾಡಿ ಮಾಡುತ್ತೇವೆ. ಅಳಿಯ ಮೊನ್ನೆ ದುಬಾಯಿಯಿಂದ ಫೋನು ಮಾಡಿದ್ದ. ಗ್ಯಾರೇಜಿಗೆ ಒಂದು ಹೆಮಿ ಬಂದಿದೆಯಂತೆ.

“425 ಅಲ್ವಾ?” ಅಂದೆ, ನೆನಪಿಟ್ಟುಕೊಂಡದ್ದನ್ನು ತೋರಿಸಲಿಕ್ಕೆ.

“ನೆಟ್ 350 ಮಾವ” ಎಂದ.